ಹಿಲರಿ ಅಂಕಲ್ ಆಡಿದ ಪಂದ್ಯಗಳು

ಹಿಲರಿ ಅಂಕಲ್ ಅವರ ಎಡಗಿವಿ ಗೋಳಿಬಜೆಯ ಹಾಗೆ ಉಬ್ಬಿ ಗಂಟಾಗಿತ್ತು. ಸೆಗಯಾದಿಂದ ಮೀನಾ ಸಲ್ಮಾನ್ ಬಂದರಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ನಾನು ಆ ಕಿವಿಯ ಹಿಂದಿನ ಸೀಟಿನಲ್ಲಿ ನಾಲ್ಕು ತಿಂಗಳು ಕೂತೆ. ಆಮೇಲೆ ಧೈರ್ಯ ಮಾಡಿ ಕೇಳಿದೆ.

“ಇದಾ? ಇದು ರಗ್ಬಿಗೆ ಕೊಟ್ಟದ್ದು. ಬಲದ್ದು ಹೆಂಡತಿ ಮಾತು ಕೇಳ್ಲಿಕ್ಕೆ ಇಟ್ಟುಕೊಂಡಿದ್ದೇನೆ” ಎಂದರು.

ಅವರು ಬಂದರಿನ ವರ್ಕ್‌ಶಾಪಿನಲ್ಲಿ ಕ್ರೇನ್ ರಿಪೇರಿ ಮಾಡುತ್ತಿದ್ದರು. ದಾವಣಗೆರೆಯಿಂದ ಈ ಕೊಲ್ಲಿ ದೇಶಕ್ಕೆ ಬಂದಿದ್ದ ನಾನು ಪಕ್ಕದ ಗೋದಾಮಿನಲ್ಲಿ ಸ್ಟಾಕ್ ನೋಡಿಕೊಳ್ಳುತ್ತಿದ್ದೆ. ಬಸ್ ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ತಡ ಎಂದು ದಿನವೂ ಡೈರಿಯಲ್ಲಿ ಬರೆಯುವುದು ನನ್ನ ಅಭ್ಯಾಸ. ಒಂದು ದಿನ ಅವರು ತಿರುಗಿ ನೋಡಿದರು. “ಬಸ್ಸು ಬರೆದು ಎಂತ ಸಿಗ್ತದೆ ಮಾರಾಯ? ಶುಕ್ರವಾರ ಬಾ, ನಮ್ಮ ಮ್ಯಾಚು ಬರಿ.” ಹಾಗೆ ನಾನು ಅವರ ಕ್ಲಬ್ಬಿನ ಲೆಕ್ಕ ಬರೆಯುವವನಾದೆ.

ಹಮದ್ ಟೌನ್‌ನ ಒಂದು ವೃತ್ತ ದಾಟಿದರೆ ಅರ್ಧ ಹುಲ್ಲು, ಅರ್ಧ ಮರಳಿನ ಮೈದಾನ. ಅಲ್ಲಿ ನಡೆಯುವುದು ಹದಿಮೂರು ಜನರ ರಗ್ಬಿ. ಚೆಂಡು ಹಿಡಿದು ಓಡುವವನನ್ನು ಎದುರಿನವರು ಕೆಡವಬೇಕು. ಆರು ಸಲ ಬಿದ್ದ ತಂಡ ಚೆಂಡು ಬಿಟ್ಟುಕೊಡಬೇಕು. ಹಿಲರಿ ಅಂಕಲ್ ಆಡುತ್ತಿದ್ದದ್ದು ಎಲ್ಲರಿಗಿಂತ ಮುಂದೆ, ಮೈಗೆ ಮೈ ಬಡಿಯುವ ಜಾಗದಲ್ಲಿ. ಆ ಜಾಗದಲ್ಲಿ ಬೇರೆಯವರು ಐದಾರು ಸೀಸನ್‌ಗೆ ಭುಜ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ಇವರಿಗೆ ನಲವತ್ತೆಂಟು ವರ್ಷ, ಹದಿನೇಳನೆಯ ಸೀಸನ್. ಕಿನ್ನಿಗೋಳಿಯಲ್ಲಿ ಕಬಡ್ಡಿ ಆಡಿ ಬಂದವರಾದ್ದರಿಂದ ಎದುರಿನವನ ಸೊಂಟ ನೋಡಿಯೇ ಅವನು ಎತ್ತ ತಿರುಗುತ್ತಾನೆ ಎಂದು ತಿಳಿಯುತ್ತಿತ್ತು.

ಇಷ್ಟು ವರ್ಷ ಬಾಳಿಕೆ ಬಂದದ್ದು ಹೇಗೆ ಎಂದು ತಿಳಿಯಲು ನಾನು ಅವರ ವಾರವನ್ನೇ ಬರೆದು ನೋಡಿದೆ. ದೊಡ್ಡ ಗುಟ್ಟೇನೂ ಸಿಗಲಿಲ್ಲ. ಗುರುವಾರ ಸಂಜೆ ಗಂಜಿ, ಉಪ್ಪಿನಕಾಯಿ, ಒಂಬತ್ತಕ್ಕೆ ನಿದ್ದೆ. ದಿನಕ್ಕೆ ಎರಡು ಸಲ ಕಾಲಿನ ಗಂಟಿಗೆ ತೆಂಗಿನೆಣ್ಣೆ. ನಾಲ್ಕನೆಯ ಮಹಡಿಗೆ ಮೆಟ್ಟಿಲಿನಲ್ಲೇ ಹತ್ತುವುದು. ಲಿಫ್ಟ್ ಸರಿಯಿದ್ದ ದಿನವೂ. ನಾನು ಬರೆದ ನಾಲ್ಕು ಸೀಸನ್‌ಗಳಲ್ಲಿ ಅವರು ತಪ್ಪಿಸಿಕೊಂಡದ್ದು ಮೂರೇ ಪಂದ್ಯ: ಎರಡು ಪಂದ್ಯ ಹೆಂಡತಿ ಊರಿಂದ ಬಂದಾಗ, ಒಂದು ಜ್ವರದಲ್ಲಿ. “ಜ್ವರ ಬಂದದ್ದು ಬರೀಬೇಡ. ಮೂರೂ ಸಲ ಹೆಂಡತಿ ಬಂದದ್ದು ಅಂತ ಬರಿ” ಎಂದು ಕೇಳಿಕೊಂಡಿದ್ದರು. ನಾನು ಒಪ್ಪಲಿಲ್ಲ.

ಕ್ಲಬ್ಬಿನ ಗೋಡೆಯಲ್ಲಿ ಒಂದು ಮರದ ಹಲಗೆ ಇದೆ. ಇನ್ನೂರು ಲೀಗ್ ಪಂದ್ಯ ಆಡಿದವರ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಅಲ್ಲಿ ಇದ್ದದ್ದು ಎರಡೇ ಹೆಸರು. ಇನ್ನೂರನೆಯ ಪಂದ್ಯದ ದಿನ ಆ ಆಟಗಾರ ಚೆಂಡು ಹಿಡಿದು ಒಬ್ಬನೇ ಮೊದಲು ಮೈದಾನಕ್ಕೆ ಹೋಗಬೇಕು, ಉಳಿದವರು ಹಿಂದಿನಿಂದ ಬರಬೇಕು. ಹಿಲರಿ ಅಂಕಲ್ ಆ ಹಲಗೆಯ ಧೂಳು ಒರೆಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕಳೆದ ಸೀಸನ್ನಿನ ಕೊನೆಗೆ ವರ್ಕ್‌ಶಾಪಿನ ಗುತ್ತಿಗೆ ಮುಗಿಯಿತು, ಅದರ ಜೊತೆ ಅವರ ವೀಸಾ ಕೂಡ. ಮಂಗಳವಾರ ವಿಮಾನ. ಅದಕ್ಕೆ ಮೊದಲಿನ ಶುಕ್ರವಾರ ಕೊನೆಯ ಪಂದ್ಯ, ನನಗಿಂತ ಮೊದಲಿನವರು ಬರೆದಿಟ್ಟದ್ದೂ ಸೇರಿ ನನ್ನ ಲೆಕ್ಕದಲ್ಲಿ ಸರಿಯಾಗಿ ಇನ್ನೂರನೆಯದು. ಕಾರ್ಯದರ್ಶಿ ಬಣ್ಣದ ಡಬ್ಬಿ ತಂದಿಟ್ಟಿದ್ದರು.

ಬುಧವಾರ ಸಂಜೆ ಅವರು ನನ್ನ ರೂಮಿಗೆ ಬಂದರು. “ಪುಸ್ತಕ ಒಮ್ಮೆ ಕೊಡು. ಎಲ್ಲ ಒಟ್ಟಿಗೆ ಓದುವ ಅಂತ ಆಸೆ.” ಪುಟ ತಿರುವುತ್ತ, ಯಾರ ಹಲ್ಲು ಹೋದದ್ದು ಯಾವ ಪಂದ್ಯದಲ್ಲಿ ಎಂದು ಹೇಳುತ್ತ ನಗುತ್ತಿದ್ದರು. ಎರಡು ವರ್ಷ ಹಿಂದಿನ ಒಂದು ಪುಟಕ್ಕೆ ಬಂದವರು ಅಲ್ಲೇ ನಿಂತರು.

“ಈ ದಿನ ನಾನು ಆಡ್ಲಿಲ್ಲ.”

“ಲಿಸ್ಟಲ್ಲಿ ನಿಮ್ಮ ಹೆಸರಿತ್ತು ಅಂಕಲ್. ಹದಿನೇಳನೇ ನಂಬರು.”

“ಹೆಸರು ಇತ್ತು. ನಾನು ಬೆಂಚಲ್ಲಿ ಇದ್ದೆ. ಹಿಂದಿನ ದಿನ ಕ್ರೇನ್ ಕೈ ಕೊಟ್ಟಿತ್ತಲ್ಲ, ಡಬಲ್ ಡ್ಯೂಟಿ. ಕೂತಲ್ಲೇ ನಿದ್ದೆ ಹೋಗಿದ್ದೆ. ಕೋಚ್ ಎಬ್ಬಿಸ್ಲಿಲ್ಲ.”

ತಪ್ಪು ನನ್ನದೇ. ಆ ದಿನ ನಾನು ತಡವಾಗಿ ಹೋಗಿದ್ದೆ, ತಂಡದ ಹಾಳೆಯಿಂದ ಹೆಸರು ನಕಲು ಮಾಡಿದ್ದೆ. ಬೆಂಚಿನಲ್ಲಿ ಕೂತವನು ಗೆರೆ ದಾಟಿ ಒಳಗೆ ಹೋದರೆ ಮಾತ್ರ ಪಂದ್ಯ ಲೆಕ್ಕಕ್ಕೆ ಬರುತ್ತದೆ. ಆ ನಿಯಮವನ್ನು ಹೊಸಬರಿಗೆಲ್ಲ ಹೇಳುತ್ತಿದ್ದವನು ನಾನೇ.

“ಜೆರ್ಸಿ ಹಾಕಿದ್ರಲ್ಲ. ಯಾರಿಗೂ ಗೊತ್ತಾಗಲ್ಲ ಅಂಕಲ್. ಮತ್ತೆ ಆಡೋಕೆ ನಿಮಗೆ ಇನ್ನೊಂದು ಶುಕ್ರವಾರ ಇಲ್ಲ.”

ಅವರು ಬೇಡ ಎಂದು ಸುಲಭಕ್ಕೆ ಹೇಳಿದವರಲ್ಲ. ಎರಡು ಸಲ ಪುಸ್ತಕ ಮುಚ್ಚಿದರು, ಎರಡು ಸಲ ತೆರೆದರು.

“ನಿದ್ದೆ ಮಾಡಿದ್ದನ್ನು ಹಲಗೆಯಲ್ಲಿ ಬರೆಸುವುದು ಹೇಗೆ ಮಾರಾಯ? ಹೊಡಿ, ಗೆರೆ ಹೊಡಿ. ಪೆನ್ಸಿಲಲ್ಲಿ ಅಲ್ಲ, ಪೆನ್ನಲ್ಲಿ.”

ನಾನು ಹೊಡೆದೆ.

ಶುಕ್ರವಾರ ಸುದ್ದಿ ತಂಡಕ್ಕೆಲ್ಲ ಗೊತ್ತಾಗಿತ್ತು. ಆದರೂ ನೀವೇ ಮೊದಲು ಹೋಗಿ ಎಂದು ನಾಯಕ ಚೆಂಡು ಕೊಡಲು ಬಂದ. ಇವರು ತೆಗೆದುಕೊಳ್ಳಲಿಲ್ಲ. ಎಂದಿನಂತೆ ಸಾಲಿನಲ್ಲಿ ಎಂಟನೆಯವರಾಗಿ, ಪೇಶಾವರದ ವೆಲ್ಡರ್ ಯೂಸುಫನ ಹಿಂದೆ ನಿಂತರು. ಮುಂದಿನ ಏಳು ಜನ ಮಾತಾಡಿಕೊಂಡವರಂತೆ ಅಲುಗಾಡಲಿಲ್ಲ. ರೆಫರಿ ಒಂದು ಸಲ ಸೀಟಿ ಊದಿದರು. ಎರಡನೆಯ ಸಲ ಊದಿದರು. ಯೂಸುಫ್ ನೆಲ ನೋಡುತ್ತಿದ್ದ.

ಹಿಲರಿ ಅಂಕಲ್ ಅವನ ಬೆನ್ನಿಗೆ ಮೊಣಕೈಯಿಂದ ತಿವಿದರು. “ಚಲೋ ಯೂಸುಫ್ ಭಾಯ್. ಮ್ಯಾಚ್ ಖೇಲ್ನಾ ಹೈ ಯಾ ಫೋಟೋ ಖಿಂಚ್ವಾನಾ ಹೈ?”

ಆಡಬೇಕಾ, ಫೋಟೋ ತೆಗೆಸಿಕೊಳ್ಳಬೇಕಾ ಎಂದು ಕೇಳಿದ್ದಕ್ಕೆ ಯೂಸುಫ್ ನಕ್ಕುಬಿಟ್ಟ. ಸಾಲು ಹೊರಟಿತು. ನಾನು ಬಿಳಿ ಗೆರೆಯ ಪಕ್ಕದಲ್ಲೇ ನಿಂತಿದ್ದೆ. ಎಂಟನೆಯವರ ಕಾಲು ಒಳಗೆ ಬಿದ್ದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಬರೆದೆ: ಹಿಲರಿ, ನೂರ ತೊಂಬತ್ತೊಂಬತ್ತು.