ಒಂದೇ ಸಲ ಕರೆದದ್ದು

ಮೊದಲೇ ಹೇಳಿಬಿಡುತ್ತೇನೆ, ಸತ್ತವರು ಕುಲೆಯಾಗಿ ಅಲೆಯುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ ಎಂಬ ಮಾತನ್ನು ನಾನು ಯಾವತ್ತೂ ನಂಬಿದವನಲ್ಲ. ನೆರಿಯದ ಕಾಡಿನಿಂದ ಬಂಟ್ವಾಳಕ್ಕೆ ಮರದ ಲಾರಿ ಓಡಿಸುತ್ತಿದ್ದವನು ನಾನು. ಟೈರು ಪಂಚರಾಗಿ ಸ್ಮಶಾನದ ಎದುರೇ ಮಲಗಿ ಬೆಳಗು ಮಾಡಿದ್ದುಂಟು. ಯಾರೂ ಬಂದು ನನ್ನನ್ನು ಮಾತಾಡಿಸಲಿಲ್ಲ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಹೀಗೆ ಬರೆಯಲು ಕುಳಿತದ್ದಕ್ಕೆ ನನ್ನ ಮೊಮ್ಮಗಳು ಕಾರಣ. ಅವಳಿಗೆ ವರ್ಷ ತುಂಬಿ ಎರಡು ತಿಂಗಳಾಯಿತು. ಹೋದ ವಾರ ಬಾಯಿ ಬಿಟ್ಟು ಮೊದಲ ಮಾತು ಹೇಳಿದಳು. ಅಮ್ಮ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ, "ಅಜ್ಜಾ" ಎಂದಳು! ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಬೆಳ್ತಂಗಡಿ ಬಸ್ಸಿನ ಕಂಡಕ್ಟರನಿಗೂ ಹೇಳಿದೆ, ಅವನು ಟಿಕೇಟು ಕೊಡುವುದನ್ನೇ ಮರೆತ. ಇಷ್ಟು ಸಂತೋಷವನ್ನು ಇಟ್ಟುಕೊಳ್ಳಲು ನನ್ನಂಥ ಮುದುಕನ ಎದೆಯಲ್ಲಿ ಜಾಗ ಎಲ್ಲಿ ಉಂಟು? ಅದು ಒಳಗೆ ಬಂದದ್ದೇ, ತಳದಲ್ಲಿ ಅಷ್ಟು ವರ್ಷ ಸುಮ್ಮನೆ ಇದ್ದದ್ದು ಮೇಲಕ್ಕೆ ಬಂತು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಹೆಂಡತಿ ಕಲ್ಯಾಣಿಗೆ ದಿನ ತುಂಬಿತ್ತು. ಆ ಕಾಲದಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಬೇರೆಯವರು "ಇವರೇ", "ಕೇಳಿದಿರಾ" ಎಂದು ಕರೆದರೆ, ಅವಳು ನಮ್ಮ ಮನೆಯ ಮೆಟ್ಟಿಲಲ್ಲಿ ನಿಂತು "ಓ ಡ್ರೈವರೇ!" ಎಂದು ಗುಡ್ಡೆಗೆ ಕೇಳುವಂತೆ ಕೂಗುತ್ತಿದ್ದಳು. ನೆರೆಹೊರೆಯವರು ನಗುತ್ತಿದ್ದರು. "ನಾನೇನು ನಿನ್ನ ಲಾರಿಯ ಡ್ರೈವರಾ?" ಎಂದು ನಾನು ಗದರಿದರೆ, "ಮತ್ತೆ? ನನ್ನನ್ನು ಒಂದು ದಿನ ಸಮುದ್ರ ತೋರಿಸಲಿಕ್ಕೆ ಕರೆದುಕೊಂಡು ಹೋಗಿ ಅಂದ್ರೆ ಬಾಡಿಗೆ ಇಲ್ಲದೆ ಹೊರಡದ ಡ್ರೈವರು ನೀವು" ಎನ್ನುತ್ತಿದ್ದಳು. ನೆರಿಯದಲ್ಲೇ ಹುಟ್ಟಿ ಬೆಳೆದವಳು, ಸಮುದ್ರ ಕಂಡವಳಲ್ಲ. ಹೆರಿಗೆ ಆಗಲಿ, ಮೂವರೂ ಹೋಗುವ ಎಂದಿದ್ದೆ.

ನಮ್ಮ ಕಡೆ ಒಂದು ಕ್ರಮ ಉಂಟು. ಮುಸ್ಸಂಜೆಯ ಮೇಲೆ ಹೊರಗಿನಿಂದ ಯಾರಾದರೂ ಒಂದೇ ಸಲ ಕರೆದರೆ "ಓ" ಎನ್ನಬಾರದು. ಕುಲೆಗೆ ಒಂದೇ ಸಲ ಕರೆಯಲು ಸಾಧ್ಯ. ಓಗೊಟ್ಟವನನ್ನು ಅದು ಕರೆದುಕೊಂಡು ಹೋಗುತ್ತದೆ. ಮನುಷ್ಯರಾದರೆ ಮೂರು ಸಲ ಕರೆದಾರು, ಕಾಯಬೇಕು.

ಆ ಸಂಜೆ ನಾನೂ ಅಮ್ಮನೂ ಜಗಲಿಯಲ್ಲಿ ಕುಳಿತಿದ್ದೆವು. ಕಲ್ಯಾಣಿ ಮೇಲಿನ ಮನೆಗೆ ಹೋಗಿದ್ದಾಳೆಂದು ತಿಳಿದಿದ್ದೆವು. ಅವಳು ಅಲ್ಲಿಂದ ಬಂದು, ಬಂಡೆಯ ಮೇಲೆ ಒಣಗಲು ಹಾಕಿದ್ದ ಬಟ್ಟೆ ತರಲು ಕೆಳಗೆ ನೀರು ಹರಿಯುವ ತೋಡಿನ ಕಡೆಗೆ ಇಳಿದದ್ದು ನಮಗೆ ಗೊತ್ತಿರಲಿಲ್ಲ. ಕತ್ತಲೆ ಕವಿಯುವಾಗ ಕೆಳಗಿನಿಂದ ಕೇಳಿಸಿತು, "ಓ ಡ್ರೈವರೇ!"

ನಾನು ಎದ್ದೆ. ಅಮ್ಮ ನನ್ನ ಪಂಚೆಯ ತುದಿ ಹಿಡಿದರು.

"ಕೂತ್ಕೋ. ಅವಳು ಹೋದದ್ದು ಮೇಲೆ. ಕರೆ ಬಂದದ್ದು ಕೆಳಗಿಂದ."

"ಅವಳದ್ದೇ ಸ್ವರ ಅಮ್ಮ."

"ಸ್ವರ ಅದಕ್ಕೂ ಬರ್ತದೆ ಮಗಾ. ಇನ್ನೆರಡು ಸಲ ಕರೀಲಿ, ಮತ್ತೆ ಹೋಗು."

ನಾನು ಕುಳಿತೆ. ನಂಬದವನು, ಸ್ಮಶಾನದ ಎದುರು ಮಲಗಿದವನು, ಕುಳಿತೆ. ನಂಬಿ ಕುಳಿತಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಒಂದು ಎಲೆಯಡಿಕೆ ಅಗಿದು ಮುಗಿಯುವಷ್ಟು ಹೊತ್ತು ಕಾದೆವು. ಎರಡನೇ ಸಲ ಯಾರೂ ಕರೆಯಲಿಲ್ಲ. ಆಮೇಲೆ ನನಗೆ ತಡೆಯಲಾಗದೆ ಒಣಗಿದ ತೆಂಗಿನ ಗರಿಯ ಸೂಟೆ ಹೊತ್ತಿಸಿಕೊಂಡು ಇಳಿದರೆ, ಅವಳು ತೋಡಿನ ಬದಿಯಲ್ಲಿ ಬಂಡೆಗೆ ಒರಗಿ ಕುಳಿತಿದ್ದಳು. ಜಾರಿ ಬಿದ್ದಿದ್ದಳು. ಒಂದು ಸಲ ಕೂಗುವಷ್ಟೇ ಶಕ್ತಿ ಇತ್ತು.

ಮನೆಗೆ ಎತ್ತಿ ತಂದೆವು. ಸೂಲಗಿತ್ತಿ ಬಂದರು, ಹೆಣ್ಣು ಮಗು ಹುಟ್ಟಿತು, ಅತ್ತಿತು. ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಲಾರಿಯ ಮುಂದಿನ ಸೀಟಿನಲ್ಲಿ ಅಮ್ಮನ ತೋಳಿಗೆ ಒರಗಿಸಿ ಬೆಳ್ತಂಗಡಿಯ ಕಡೆಗೆ ಹೊರಟೆ. ದಾರಿಯಲ್ಲಿ ಅವಳು ಕೇಳಿದಳು, "ನಾನು ಕರೆದದ್ದು ನಿಮಗೆ ಕೇಳಿಸಲಿಲ್ವಾ?"

ಅಮ್ಮ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ.

"ಇಲ್ಲ ಮಾರಾಯ್ತಿ. ಕೇಳಿಸಿದ್ರೆ ಬರ್ತಿರ್ಲಿಲ್ವಾ?"

"ಹಾಗೆ ಹೇಳಿ" ಎಂದಳು. "ಕೇಳಿಯೂ ಬರ್ಲಿಲ್ಲ ಅಂತ ನಾನು ಗ್ರಹಿಸಿದ್ದೆ." ಉಜಿರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಬೇಗ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ಹೇಳುವವರು ಯಾರು? ಆದರೆ ನಾನು ಹೇಳಿದ ಸುಳ್ಳನ್ನು ಸತ್ಯವೆಂದು ನಂಬಿಕೊಂಡು ಅವಳು ಕಣ್ಣು ಮುಚ್ಚಿದಳಲ್ಲ, ಅದು ನನ್ನನ್ನು ಕೂರಲಿಕ್ಕೂ ಬಿಡಲಿಲ್ಲ, ಮಲಗಲಿಕ್ಕೂ ಬಿಡಲಿಲ್ಲ. ಮಗುವಿಗೆ ಮೇಲಿನ ಮನೆಯ ಬಾಣಂತಿ ತನ್ನ ಕೂಸಿನ ಜೊತೆ ಹಾಲು ಕೊಟ್ಟರು, ಉಳಿದ ಹೊತ್ತು ನಮ್ಮಲ್ಲೇ ಅಮ್ಮ ನೋಡಿಕೊಂಡರು. ನಾನು ಅದರ ಮುಖ ನೋಡುತ್ತಿರಲಿಲ್ಲ. ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದೆ.

ಹದಿಮೂರನೆಯ ದಿನದ ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜ, ಮುಗಿದ ಮೇಲೆ, ಅವಳನ್ನು ಸುಟ್ಟ ಜಾಗದಿಂದ ಒಂದು ಹಿಡಿ ಬೂದಿ ತೆಗೆದು ಅವಳದೇ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡೆ. ಲಾರಿ ಧಣಿಗಳದ್ದು, ಅದನ್ನು ಕೇಳಲು ಮನಸ್ಸಾಗಲಿಲ್ಲ. ಸೈಕಲು ಹತ್ತಿದೆ. ವೇಣೂರು ದಾಟಿ ಮಧ್ಯಾಹ್ನ ಮೂಡಬಿದಿರೆಗೆ ಬಂದು ಒಂದು ಹೋಟೆಲಿನಲ್ಲಿ ಚಾ ಕುಡಿದೆ. ಹೋಟೆಲಿನವರು ಮಾತಿಗೆ ಎಳೆದರು.

"ಎಲ್ಲಿಗೆ ಸವಾರಿ?"

"ಸಮುದ್ರ ನೋಡಲಿಕ್ಕೆ."

"ಒಬ್ಬರೇಯಾ?"

ಸೀರೆಯ ಗಂಟನ್ನು ಮುಟ್ಟಿ ನೋಡಿಕೊಂಡು ಎದ್ದು ಬಂದೆ.

ಸಂಜೆಗೆ ಮೂಲ್ಕಿ. ಒಂದು ಅಂಗಡಿಯ ಜಗಲಿಯಲ್ಲಿ ಮಲಗಿ, ಬೆಳಕು ಹರಿಯುವಾಗ ಹೊಳೆ ಸಮುದ್ರ ಸೇರುವ ಅಳಿವೆಗೆ ಹೋದೆ. ನೋಡಿದರೆ ಸಮುದ್ರವೇ ಇಲ್ಲ! ಮಂಜು, ಬರೀ ಮಂಜು. ಚಳಿಗಾಲದಲ್ಲಿ ನೆರಿಯದಲ್ಲಿ ಮಂಜು ನೋಡಿದ್ದೆ, ಆದರೆ ಅಲ್ಲಿ ಮರದ ಕಾಂಡವಾದರೂ ಕಾಣುತ್ತದೆ. ಇಲ್ಲಿ ನನ್ನ ಕಾಲು ಬಿಟ್ಟರೆ ಏನೂ ಕಾಣಲಿಲ್ಲ. ತೆರೆಯ ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು. ನೀರು ಇಳಿದಿತ್ತು. ಹೊಳೆಗೂ ಸಮುದ್ರಕ್ಕೂ ನಡುವೆ ನಾಲಿಗೆಯ ಹಾಗೆ ಚಾಚಿದ ಮರಳಿನ ಮೇಲೆ ನಾನು ಗೊತ್ತಿಲ್ಲದೆ ಬಹಳ ದೂರ ನಡೆದಿದ್ದೆ.

ಗಂಟು ಬಿಚ್ಚಿ ಬೂದಿಯನ್ನು ನೀರಿಗೆ ಬಿಟ್ಟೆ. ಆಮೇಲೆ ಗಟ್ಟಿಯಾಗಿ ಹೇಳಿದೆ, ಹೇಳಲೆಂದೇ ಬಂದವನಲ್ಲವೇ. "ಕಲ್ಯಾಣೀ, ನನಗೆ ಕೇಳಿತ್ತು. ಕೇಳಿಯೂ ನಾನು ಬರಲಿಲ್ಲ." ಅಷ್ಟು ಹೇಳಿ ಮರಳಿನ ಮೇಲೆ ಕುಳಿತು ಅತ್ತೆ. ಎಷ್ಟು ಹೊತ್ತೋ. ಎದ್ದಾಗ ಸುತ್ತಲೂ ನೀರು. ಬಂದ ದಾರಿ ಯಾವುದು, ಸಮುದ್ರ ಯಾವ ಕಡೆ, ಒಂದೂ ತಿಳಿಯಲಿಲ್ಲ. ಒಂದು ಕಡೆಗೆ ನಾಲ್ಕು ಹೆಜ್ಜೆ ಇಟ್ಟರೆ ನೀರು ಸೊಂಟಕ್ಕೆ ಬಂತು. ಇನ್ನೊಂದು ಕಡೆಗೆ ಇಟ್ಟರೂ ಹಾಗೆಯೇ.

ಆಗ ನನ್ನ ಬೆನ್ನ ಹಿಂದಿನಿಂದ, ಮಂಜಿನ ಒಳಗಿನಿಂದ, ಒಂದೇ ಸಲ ಕೇಳಿಸಿತು.

"ಓ ಡ್ರೈವರೇ!"

ಅವಳದೇ ಸ್ವರ. ಕೊನೆಯಲ್ಲಿ ನಗು ತಡೆದುಕೊಂಡು ಎಳೆಯುವ ಅದೇ ರೀತಿ. ನೋಡಿ, ಅಭ್ಯಾಸ ಎಷ್ಟು ಕೆಟ್ಟದ್ದು, ಅಂಥ ಹೊತ್ತಿನಲ್ಲೂ ನನ್ನ ಕಾಲು ಎರಡನೇ ಕರೆಗೆ ಕಾದು ನಿಂತಿತು. ಒಂದು ಉಸಿರು, ಅಷ್ಟೇ. ಇದು ಕುಲೆಯೇ ಆಗಿರಲಿ, ಕರೆದುಕೊಂಡೇ ಹೋಗಲಿ, ಈ ಸಲ ಕೂರುವುದಿಲ್ಲ ಎಂದುಕೊಂಡು, "ಓ! ಬಂದೆ!" ಎಂದು ಕೂಗಿ ಸ್ವರ ಬಂದ ದಿಕ್ಕಿಗೆ ನುಗ್ಗಿದೆ. ನೀರು ಎದೆಗೆ ಬಂತು. ನಿಲ್ಲಲಿಲ್ಲ. ಮತ್ತೆ ಸೊಂಟಕ್ಕೆ ಇಳಿಯಿತು, ಮೊಣಕಾಲಿಗೆ ಇಳಿಯಿತು, ಒಣ ಮರಳಿನ ಮೇಲೆ ಬಿದ್ದೆ.

ಅಲ್ಲಿ ಇಬ್ಬರು ಮೀನುಗಾರರು ಬಲೆ ಬಿಡಿಸುತ್ತಿದ್ದರು. ಹಿರಿಯರು ಓಡಿ ಬಂದು ಎತ್ತಿದರು.

"ಎಂತ ಮಾರಾಯ್ರೇ, ಆ ಕಡೆಯಿಂದ ಬರ್ತೀರಿ? ನೀರು ಏರುವ ಭರತದ ಹೊತ್ತಿಗೆ ಅಲ್ಲಿ ಆಳು ಮುಳುಗ್ತದೆ!"

"ಇಲ್ಲಿ ಯಾರೋ ಹೆಂಗಸು ಕರೆದ್ರಲ್ಲ?"

"ಹೆಂಗಸಾ? ಇಲ್ಲಿ ನಾವಿಬ್ಬರೇ ಇರುವುದು. ಕೂಗಿದ್ದು ನೀವು. 'ಬಂದೆ' ಅಂತ ಕೂಗಿದ್ರಿ. ಯಾರಿಗೆ ಅಂತ ನಾವು ನೋಡ್ತಾ ಇದ್ದೆವು."

ಅಲ್ಲಿಗೆ ಆಗ ಲಾರಿ ಬರುವ ದಾರಿ ಇರಲಿಲ್ಲ. ನಾನು ಸೈಕಲಿನಲ್ಲಿ ಬಂದವನು. ನಾನು ಡ್ರೈವರನೆಂದು ಆ ಕಡಲ ಬದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಮನೆಗೆ ಬರುವಾಗ ಮಗು ಅಳುತ್ತಿತ್ತು. ಸೈಕಲನ್ನು ಅಂಗಳಕ್ಕೆ ಬೀಳಿಸಿ "ಓ, ಬಂದೆ" ಎಂದು ಓಡಿ ಎತ್ತಿಕೊಂಡೆ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಸಾಯುವವರೆಗೂ ಅವರು ಆ ಕ್ರಮದ ಮಾತು ಎತ್ತಲಿಲ್ಲ.

ನನ್ನ ಮನಸ್ಸೇ ಕೂಗಿಕೊಂಡಿತೆಂದು ಓದಿದವರು ಹೇಳಬಹುದು. ಇರಬಹುದು. ಆದರೆ ದಡ ಯಾವ ಕಡೆ ಉಂಟೆಂದು ನನ್ನ ಮನಸ್ಸಿಗೆ ಹೇಗೆ ಗೊತ್ತಾಯಿತು? ಕುಲೆ ಎಂದರೆ, ಓಗೊಟ್ಟ ನಾನು ಇನ್ನೂ ಬದುಕಿದ್ದೇನಲ್ಲ? ನಾನು ತಪ್ಪು ಹೇಳಿಕೊಂಡದ್ದನ್ನು ಕೇಳಿದ ಮೇಲೆ ಕರೆದಳೋ, ಕೇಳುವ ಮೊದಲೇ ಕರೆಯಲು ಹೊರಟಿದ್ದಳೋ, ಅದೂ ತಿಳಿಯದು. ಕ್ಷಮಿಸಿದ್ದಾಳೆಂದು ಬರೆಯಲು ಕೈ ಬರುವುದಿಲ್ಲ, ಅವಳು ಹಾಗೆ ಹೇಳಲಿಲ್ಲ. ಕರೆದಳು, ಅಷ್ಟೇ.

ಈಗ ಮೊಮ್ಮಗಳು ದಿನಕ್ಕೆ ನೂರು ಸಲ ಕರೆಯುತ್ತಾಳೆ. ಹಿತ್ತಿಲಿನಲ್ಲಿದ್ದರೂ ಓಡುತ್ತೇನೆ, ಬಾಯಲ್ಲಿ ತುತ್ತು ಇದ್ದರೂ "ಓ" ಎನ್ನುತ್ತೇನೆ. "ಅವಳಿಗೆ ಆಟ ಅಪ್ಪ, ಮೊಣಕಾಲು ನೋವು ಇಟ್ಟುಕೊಂಡು ಒಂದೊಂದು ಕರೆಗೂ ಎಂತಕ್ಕೆ ಓಡ್ತೀರಿ? ಇನ್ನೊಮ್ಮೆ ಕರೀಲಿ" ಎಂದು ಮಗಳು ಬೈಯುತ್ತಾಳೆ. ತಾಯಿಯನ್ನು ಕಾಣದ ಮಗಳು. ಅವಳಿಗೆ ನಾನು ಇದನ್ನು ಇಷ್ಟು ವರ್ಷ ಹೇಳಲಿಲ್ಲ. ಬಾಯಲ್ಲಿ ಹೇಳಲಾಗದ್ದಕ್ಕೇ ಬರೆದಿದ್ದೇನೆ. ಓದಿಯಾದ ಮೇಲೆ ಅವಳು ನನ್ನನ್ನು ಎಂದಿನ ಹಾಗೆ "ಅಪ್ಪಾ" ಎಂದು ಕರೆಯುತ್ತಾಳೋ ಇಲ್ಲವೋ ತಿಳಿಯದು. ಕರೆದರೆ, ಒಂದು ಸಲ ಸಾಕು.