ಅವ್ವನ ಎದೆಯ ಟಿಕ್‌ಟಿಕ್

ನಮ್ಮ ಅವ್ವನ ಎದೆಯಲ್ಲಿ ಗಡಿಯಾರದಂಥ ಸದ್ದು ಬರುತ್ತಿತ್ತು. ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿ, ಹೃದಯದ ಕೆಟ್ಟ ಕವಾಟ ತೆಗೆದು ಕೃತಕ ಕವಾಟ ಕೂರಿಸಿದ ಮೇಲೆ ಶುರುವಾದ ಸದ್ದು ಅದು. ಪಕ್ಕದಲ್ಲಿ ಮಲಗಿದರೆ ಟಿಕ್, ಟಿಕ್ ಎಂದು ಚೆನ್ನಾಗಿಯೇ ಕೇಳುತ್ತಿತ್ತು. ಮೊದಮೊದಲು ಅವಳಿಗೆ ನಾಚಿಕೆ. ಯಾರಾದರೂ ಬಂದರೆ ಸೆರಗು ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದಳು.

ನಾನು ಮೈಂದರ್ಗಿಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹೃದಯದ ಪಾಠ ನನಗೆ ಬಾಯಿಪಾಠ. ಆಸ್ಪತ್ರೆಯ ಮಂಚದ ಮೇಲೆಯೇ ಅವ್ವನಿಗೂ ಚಿತ್ರ ಬರೆದು ಪಾಠ ಶುರು ಮಾಡಿದೆ. ನಾಲ್ಕು ಕೋಣೆ, ಮೇಲೆರಡು, ಕೆಳಗೆರಡು. ಮೈಯೆಲ್ಲ ಸುತ್ತಿ ಬಂದ ರಕ್ತ ಅಭಿಧಮನಿಗಳ ದಾರಿಯಿಂದ ಬಲಗಡೆಗೆ ಬರುತ್ತದೆ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಆಮ್ಲಜನಕ ತುಂಬಿಕೊಂಡು ಎಡಗಡೆಗೆ ಮರಳುತ್ತದೆ. ಎಡಗಡೆಯ ಕೆಳಕೋಣೆ ಅದನ್ನು ಅಪಧಮನಿಗಳಿಗೆ ದೂಡಿ ಮತ್ತೆ ಮೈಯೆಲ್ಲ ಮುಟ್ಟಿಸುತ್ತದೆ. ಕವಾಟ ಅಂದರೆ ಒಂದೇ ಕಡೆ ತೆರೆಯುವ ಬಾಗಿಲು, ಮುಂದೆ ಹೋದ ರಕ್ತ ಹಿಂದೆ ಬರಕೂಡದು. ನಿನಗೆ ಕೆಟ್ಟಿದ್ದು ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲು ಎಂದೆ. ಅವ್ವ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಮನೆಯಲ್ಲಿ ಅಡುಗೆಮನೆ ಎಲ್ಲಿ ಎಂದು ಕೇಳಿದಳು.

ಕೃತಕ ಬಾಗಿಲಿಗೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳಬಾರದೆಂದು ಜೀವನಪರ್ಯಂತ ರಕ್ತ ತೆಳುವಾಗಿಸುವ ಗುಳಿಗೆ ಕೊಟ್ಟರು. ಹಸಿರು ಸೊಪ್ಪು ಹೆಚ್ಚಾದರೆ ಆ ಗುಳಿಗೆಯ ಶಕ್ತಿ ಕುಗ್ಗುತ್ತದೆ. ಸೊಪ್ಪು ಬಿಡಬೇಕಿಲ್ಲ, ದಿನವೂ ಒಂದೇ ಅಳತೆಯಲ್ಲಿ ತಿನ್ನಿ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಬೋರಾಮಣಿಯ ಹೊಲಮನೆಯಲ್ಲಿ ಅವ್ವನ ಜೊತೆಗಿರುವವನು ನನ್ನ ತಮ್ಮ. ಪರೀಕ್ಷೆ ಮಾಡಿಸುವ ಹೊಣೆ ಅವನದು. ಪ್ರತಿ ತಿಂಗಳೂ ಫೋನ್ ಮಾಡಿ ಹೇಳುತ್ತಿದ್ದ.

“ಅವ್ವನ ರಿಪೋರ್ಟ್ ಬರೋಬರಿ ಬಂದೈತಿ ಅಕ್ಕಾ. ಗುಳಿಗಿ ಹಂಗ ಚಾಲೂ ಇಡ್ರಿ ಅಂದಾರ.”

ದಸರೆ ಕಳೆದ ಮೇಲೆ ಒಮ್ಮೆ ಸೊಲ್ಲಾಪುರದ ನವಿ ಪೇಠ ಬಜಾರಿನಿಂದ ನನಗೊಂದು ಕುಪ್ಪಸದ ಖಣವನ್ನೂ ತಂದುಕೊಟ್ಟ. ರಕ್ತ ಕೊಟ್ಟು ಬರುವಾಗ ಅವ್ವನೇ ಅಂಗಡಿಯಲ್ಲಿ ಕೂತು ಆರಿಸಿದಳು ಅಂದ. ಅದನ್ನು ಹೊಲಿಸಿಕೊಂಡು ಶಾಲೆಗೆ ಹೋಗಿ, ನಮ್ಮವ್ವನ ಕಣ್ಣು ನೋಡಿರೇ ಎಂದು ಎಲ್ಲರೆದುರು ಮೆರೆದೆ.

ಎಳ್ಳಮವಾಸ್ಯೆಗೆ ಹೊಲಕ್ಕೆ ಹೋದೆ. ಸೊಪ್ಪು-ಕಾಳಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಲ್ಲ ಮುಗಿದ ಮೇಲೆ ಅವ್ವ ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಅಡ್ಡಾದಳು. ಬದು ಹತ್ತುವಾಗ ಎರಡು ಸಲ ನಿಂತು ಉಸಿರು ಎಳೆದುಕೊಂಡಿದ್ದಳು. ಕೇಳಿದರೆ ಊಟ ಜಾಸ್ತಿಯಾಯಿತು ಎಂದಿದ್ದಳು. ಎಂದಿನಂತೆ ಅವಳ ತೋಳಿನ ಮೇಲೆ ತಲೆಯಿಟ್ಟೆ. ಟಿಕ್‌ಟಿಕ್ ಇಲ್ಲ. ಗಾಳಿಯ ಸದ್ದಿಗೆ ಕೇಳುತ್ತಿಲ್ಲವೇನೋ ಎಂದು ಎದೆಗೇ ಕಿವಿ ಹಚ್ಚಿದೆ. ಒಳಗೆ ಏನೋ ಮಂದವಾಗಿ ಬಡಿಯುತ್ತಿತ್ತು, ಗಡಿಯಾರವನ್ನು ಕೌದಿಯಲ್ಲಿ ಸುತ್ತಿಟ್ಟ ಹಾಗೆ. ಆಗಿಂದಾಗಲೇ ಗಾಡಿ ಮಾಡಿಕೊಂಡು ಸೊಲ್ಲಾಪುರಕ್ಕೆ ಓಡಿದೆವು.

ಹಿಂದಿನ ರಿಪೋರ್ಟ್ ಕೊಡಿ ಎಂದರು ಡಾಕ್ಟರು. ತಮ್ಮ ನೆಲ ನೋಡುತ್ತ ಒಂದು ಕಾಗದ ಚಾಚಿದ. ಅದು ದಸರೆಗಿಂತ ಮುಂಚಿನದು. ಆಮೇಲೆ ಒಂದು ಸಲವೂ ಪರೀಕ್ಷೆ ಮಾಡಿಸಿರಲಿಲ್ಲ. ಹೊಲದಲ್ಲಿ ಕಡಲೆ ಗಿಡ ಇನ್ನೂ ಎಳೆಯದಾಗಿದ್ದ ದಿನಗಳವು. ಅವ್ವ ದಿನಾ ಹೋಗಿ ಕುಡಿ ಚಿವುಟಿ ತಂದು, ಎರಡು ಹೊತ್ತೂ ಅದರದೇ ಪಲ್ಯ ತಿಂದಿದ್ದಳು. ಕವಾಟಕ್ಕೆ ಹೆಪ್ಪು ಅಂಟಿತ್ತು. ಮತ್ತೆ ಎದೆ ತೆರೆಯಬೇಕಾಯಿತು. ಹೊರಗಿನ ಬೆಂಚಿನ ಮೇಲೆ ಕೂತು ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಔಷಧಿ ಚೀಟಿ ಹಿಡಿದು ಎದ್ದುಹೋದ. ಹೇಡಿ ಅಂದುಕೊಂಡೆ.

ಅವ್ವ ಉಳಿದಳು. ಮಾತಾಡುವಷ್ಟು ಶಕ್ತಿ ಬಂದ ದಿನ ನನ್ನ ಕೈ ಹಿಡಿದು ಹೇಳಿದಳು.

“ರಿಪೋರ್ಟ್ ನೋಡಿದ್ರ ನೀ ಕಡ್ಲಿ ಪಲ್ಯ ಬಿಡಸ್ತಿದ್ದಿ. ಪರೀಕ್ಷಾ ಬ್ಯಾಡ, ಬರೋಬರಿ ಐತಿ ಅಂತ ಹೇಳಿಬಿಡು ಅಂತ ನಾನ ಅವಗ ಆಣಿ ಹಾಕಿದ್ದೆ. ಅವಗ ಏನೂ ಅನಬ್ಯಾಡ.”

ಖಣ ಆರಿಸಿದ್ದು ನೀನೇನಾ ಎಂದು ಕೇಳಿದೆ. ಯಾವ ಖಣ ಎಂದಳು.

ತಮ್ಮನ ಮೇಲೆ ಸಿಟ್ಟು ಬಂದಾಗ ಬೈದು ಹಗುರಾದೆ. ಹೊಲಿಗೆ ಬಿದ್ದ ಎದೆ ಹೊತ್ತು ಮಲಗಿದವಳಿಗೆ ಏನು ಹೇಳಲಿ? ನನ್ನ ಪಾಠ ಅವಳಿಗೆ ಚೆನ್ನಾಗಿ ತಿಳಿದಿತ್ತು. ತಿಳಿದೇ ನನ್ನನ್ನು ಹೊರಗಿಟ್ಟಳು. ಅವಳ ಜೀವಕ್ಕಾಗಿ ಒದ್ದಾಡಿದ ನಾನು ಅವಳ ಪಾಲಿಗೆ ಕೋಲು ಹಿಡಿದ ಮಾಸ್ತರಾಗಿದ್ದೆ ಎಂಬುದು ಇವತ್ತಿಗೂ ಚುಚ್ಚುತ್ತದೆ. ಆ ಕುಪ್ಪಸವನ್ನು ಮತ್ತೆ ತೊಟ್ಟಿಲ್ಲ.

ಹೊಸ ಕವಾಟದ ಸದ್ದು ಮೊದಲಿನದಕ್ಕಿಂತ ಜೋರು. ಈಗ ತಿಂಗಳಿಗೊಮ್ಮೆ ನಾನೇ ಅವಳನ್ನು ಸೊಲ್ಲಾಪುರಕ್ಕೆ ಕರೆದೊಯ್ಯುತ್ತೇನೆ. ನಡುವೆ ಅವಳು ಫೋನ್ ಮಾಡಿ, ಆರಾಮ ಅದೀನವ್ವಾ ಅನ್ನುತ್ತಾಳೆ. ನಾನು ಹೂಂ ಅನ್ನುವುದಿಲ್ಲ. ಫೋನು ಎದೆಯ ಮೇಲಿಡು ಅನ್ನುತ್ತೇನೆ. ಅವ್ವ ಇಡುತ್ತಾಳೆ. ಟಿಕ್, ಟಿಕ್.