ಮೂಲೆ ಮಡಚಿದ ಎಲೆ

ಪೇಟೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಬ್ಲೇಡಕ್ಕ ಎಂದು. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ ತಿಳಿಯದು, ಅವಳ ಮೇಜಿನ ಮುಂದೆ ಮುಖ ಹುಳ್ಳಗೆ ಮಾಡಿಕೊಂಡು ನಿಂತವನೇ ಇರಬೇಕು. ದೊಡ್ಡ ರಸ್ತೆಯ ಸಿಗಾರ್ ಅಂಗಡಿಯ ಮಹಡಿಯಲ್ಲಿ, ಕಿಟಕಿಗೆ ಒತ್ತಿಕೊಂಡು ಆ ಮೇಜು. ಮೇಲೆ ಒಂದು ಭೂತಗನ್ನಡಿ, ಅಂಗೈಯಗಲದ ತಕ್ಕಡಿ, ಒದ್ದೆ ಬಟ್ಟೆ ಮತ್ತು ಬ್ಲೇಡು. ದುಬಾರಿ ಸಿಗಾರಿನ ಪೆಟ್ಟಿಗೆ ಯಾರು ಮಾರಲು ತಂದರೂ ಅದು ಮೊದಲು ಅವಳ ಮುಂದೆ ಕೂರಬೇಕು. ಅವಳು ಅಸಲಿ ಎಂದರೆ ಕೆಳಗಿನ ಕಪಾಟಿಗೆ ಹೋಗುತ್ತದೆ. ನಕಲಿ ಎಂದರೆ, ಕೊಯ್ದು ನೋಡಿದ ಒಂದನ್ನೂ ಕಾಗದದಲ್ಲಿ ಸುತ್ತಿ ಒಳಗಿಟ್ಟು, ಪೆಟ್ಟಿಗೆಯನ್ನು ತಂದವನ ಕಂಕುಳಿಗೇ ವಾಪಸು ಕೊಡುವುದು ಅಂಗಡಿಯ ಪದ್ಧತಿ.

ಅವಳು ನಕಲಿ ಹಿಡಿಯುವ ಚೆಂದವನ್ನು ನೋಡಬೇಕು. ಗಾಜಿನ ಮುಚ್ಚಳದ ಪೆಟ್ಟಿಗೆಯಾದರೆ ತೆರೆಯುವ ಗೋಜಿಗೇ ಹೋಗುವುದಿಲ್ಲ. ಒಳ್ಳೆಯ ಸಿಗಾರ್ ಬೆಳಕು ಕಂಡರೆ ಒಣಗುತ್ತದೆ, ಅದನ್ನು ಸುತ್ತಿದವನು ಗಾಜಿನ ಕೆಳಗೆ ಮಲಗಿಸುತ್ತಾನೆಯೇ? ಮರದ ಪೆಟ್ಟಿಗೆಯಾದರೆ ಮೊಹರು ನೋಡುತ್ತಾಳೆ. ಆಮೇಲೆ ಕಣ್ಣು ಮುಚ್ಚಿ, ಸಿಗಾರಿನ ಸೊಂಟಕ್ಕೆ ಸುತ್ತಿದ ಬಂಗಾರದ ಬಣ್ಣದ ಪಟ್ಟಿಯ ಮೇಲೆ ಬೆರಳಾಡಿಸುತ್ತಾಳೆ. ಅಸಲಿಯಾದರೆ ಅಕ್ಷರ ಉಬ್ಬಿ ಬೆರಳಿಗೆ ತಾಕಬೇಕು, ಕ್ಯಾಲೆಂಡರಿನ ಹಾಳೆಯ ಹಾಗೆ ಜಾರಿದರೆ ಅಲ್ಲಿಗೇ ಅನುಮಾನ. ಪೆಟ್ಟಿಗೆಯ ಇಪ್ಪತ್ತೈದು ಸಿಗಾರುಗಳೂ ಒಂದೇ ಬಣ್ಣದವೇ, ಹೊರಗಿನ ಎಲೆಯ ನರ ತೆಳುವಾಗಿದೆಯೇ, ಹಿಡಿದು ಒತ್ತಿದರೆ ಮೈ ತಗ್ಗಿ ಮತ್ತೆ ಏಳುತ್ತದೆಯೇ ಎಂದು ನೋಡಿ, ಕೊನೆಗೆ ಒಂದನ್ನು ಉದ್ದಕ್ಕೆ ಸೀಳುತ್ತಾಳೆ. ಒಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಇಡೀ ಎಲೆಗಳಿರಬೇಕು. ಪುಡಿ ಉದುರಿತೋ, ಕಥೆ ಮುಗಿಯಿತು.

ಒಮ್ಮೆ ನಿವೃತ್ತ ಅಧಿಕಾರಿಯೊಬ್ಬರು ಅಳಿಯ ಕೊಟ್ಟ ಪೆಟ್ಟಿಗೆ ಹೊತ್ತು ಬಂದು, "ವಿದೇಶದಿಂದ ತಂದಿದ್ದಾನೆ, ಸುಮ್ನೆ ಒಂದ್ಸಲ ನೋಡಿ" ಎಂದಿದ್ದರು. ಬ್ಲೇಡಕ್ಕ ನೋಡಿ, "ಅಳಿಯಂದಿರು ಅಸಲಿನೇ ಇರ್ಬಹುದು ಸರ್, ಇದು ಮಾತ್ರ ಅಲ್ಲ" ಎಂದಳು. ದೊಡ್ಡವರು ಚಿಕ್ಕವರು ಎಂಬ ದಾಕ್ಷಿಣ್ಯ ಆ ಮೇಜಿನಲ್ಲಿ ನಡೆಯುವುದಿಲ್ಲ. ಇಷ್ಟಾಗಿ ಅವಳು ಜೀವಮಾನದಲ್ಲಿ ಒಂದು ದಮ್ಮು ಎಳೆದವಳಲ್ಲ.

ಊರಿಗೆಲ್ಲ ಅಕ್ಕ. ಆದರೆ ಹುಟ್ಟಿನಿಂದ ಅವಳು ಯಾರಿಗೂ ಅಕ್ಕ ಅಲ್ಲ, ತಂಗಿ. ಅದು ಪೇಟೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ, ಅವಳೂ ಬಾಯಿಬಿಟ್ಟು ಹೇಳಿಲ್ಲ.

ಅವಳಿಗೆ ಹದಿನೇಳು, ಅಕ್ಕನಿಗೆ ಇಪ್ಪತ್ತೆರಡು ಇದ್ದಾಗ ಇಬ್ಬರೂ ಒಂದು ಸಿಗಾರ್ ಕಾರ್ಖಾನೆಯಲ್ಲಿ ಎಲೆ ಸುತ್ತುತ್ತಿದ್ದರು. ಅಪ್ಪ ಅಮ್ಮ ಹೋಗಿ ಆಗಿತ್ತು. ಇಬ್ಬರಿಗೂ ಸೇರಿ ಒಂದೇ ಬಾಡಿಗೆ ಕೋಣೆ, ಒಂದೇ ಕಂಬಳಿ, ಕೆಲಸದಲ್ಲೂ ಒಂದೇ ಹಲಗೆ. ಅಕ್ಕ ಸುತ್ತುವುದರಲ್ಲಿ ಎತ್ತಿದ ಕೈ. ತಂಗಿಯ ಕೈಗೆ ಮಾತ್ರ ಒಂದು ಕೆಟ್ಟ ಚಾಳಿ ಇತ್ತು. ಶಾಲೆ ಅರ್ಧಕ್ಕೆ ಬಿಟ್ಟವಳು, ಪುಸ್ತಕದ ಹಾಳೆಯ ಮೂಲೆ ಮಡಚುವ ಅಭ್ಯಾಸ ಬಿಡಲಿಲ್ಲ. ಬಸ್ ಟಿಕೆಟ್ಟು, ಔಷಧದ ಚೀಟಿ, ಕೈಗೆ ಸಿಕ್ಕಿದ್ದಕ್ಕೆಲ್ಲ ಮೂಲೆಯಲ್ಲಿ ಒಂದು ಪುಟ್ಟ ಮಡಿಕೆ ಬೀಳುತ್ತಿತ್ತು. ಸಿಗಾರಿನ ನಡುವೆ ಇಡುವ ಎಲೆಗೂ ಬೀಳುತ್ತಿತ್ತು. ಅಕ್ಕ ನೋಡಿದಾಗೆಲ್ಲ ಆ ಮೂಲೆ ಬಿಡಿಸಿ ಸರಿಮಾಡಿ, "ಯಾಕೆ, ನಿಲ್ಲಿಸಿದ ಜಾಗ ಗುರುತಿಟ್ಕೊಂಡ್ಯಾ? ಆಮೇಲೆ ಬಂದು ಬಿಡಿಸಿ ಓದ್ತೀಯಾ?" ಎಂದು ನಗುತ್ತಿದ್ದಳು.

ಅಕ್ಕನ ಕಣ್ಣು ತಪ್ಪಿಸಿ ಹೋದ ಸಿಗಾರುಗಳೂ ಇದ್ದವು. ಮಡಿಕೆ ಇದ್ದ ಕಡೆ ಬೆಂಕಿ ಒಂದೇ ಪಕ್ಕಕ್ಕೆ ಓಡುತ್ತದೆ ಎಂದು ಗಿರಾಕಿಗಳಿಂದ ದೂರು ಬಂತು. ಮೇಸ್ತ್ರಿ ಒಂದು ದಿನ ಹಲಗೆ ಹಲಗೆಗೂ ಬಂದು ಸಿಗಾರ್ ಸೀಳಿ ನೋಡಿದ. ಅಕ್ಕತಂಗಿಯರ ಹಲಗೆಯಲ್ಲಿ ಮಡಿಕೆ ಸಿಕ್ಕಿತು. ಎಲೆ ಎತ್ತಿ ಹಿಡಿದು ಕೇಳಿದ.

"ಯಾರ ಕೈ ಇದು?"

ತಂಗಿ ಅಕ್ಕನ ಕಡೆ ಕೈ ತೋರಿಸಿದಳು. "ಅಕ್ಕಂದು" ಎಂದಳು.

ಅಕ್ಕ ಒಂದು ಸಲ ತಿರುಗಿ ನೋಡಿದಳು. ಅಲ್ಲ ಎನ್ನಲಿಲ್ಲ. ಬ್ಲೇಡು ಒರೆಸಿ ಹಲಗೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಸಂಜೆ ತಂಗಿ ಕೋಣೆಗೆ ಬಂದಾಗ ಅಕ್ಕನ ಚೀಲ ಇರಲಿಲ್ಲ. ಕಂಬಳಿಯನ್ನು ಮಾತ್ರ ಬಿಟ್ಟುಹೋಗಿದ್ದಳು.

ಇದಾಗಿ ಮೂವತ್ತೆರಡು ವರ್ಷ. ಆ ದಿನದಿಂದ ತಂಗಿ ಒಂದು ಎಲೆಯ ಮೂಲೆಯನ್ನೂ ಮಡಚಲಿಲ್ಲ. ತಪ್ಪಿಲ್ಲದೆ ಸುತ್ತಲು ಕಲಿತಳು, ತಪ್ಪು ಹಿಡಿಯಲು ಕಲಿತಳು, ಈ ಮೇಜಿಗೆ ಬಂದಳು. ಮದುವೆಯ ಮಾತು ಬಂದಾಗೆಲ್ಲ ಅಕ್ಕ ಬಂದ ಮೇಲೆ ನೋಡೋಣ ಎಂದು ಮುಂದೆ ಹಾಕಿ, ಮಾತು ತರುವವರೇ ಇಲ್ಲದಂತಾಯಿತು. ಬಸ್ಸಿನಲ್ಲಿ ಅವಳು ಹೆಂಗಸರ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ. ಎಲೆ ಸುತ್ತುವವರ ಹೆಬ್ಬೆರಳಿಗೆ ಹತ್ತಿದ ಕಂದು ಕಲೆ ತೊಳೆದರೂ ಹೋಗುವುದಿಲ್ಲ. ಅಂಥ ಹೆಬ್ಬೆರಳು ಕಂಡರೆ ತನ್ನ ಸ್ಟಾಪು ದಾಟಿದರೂ ಇಳಿಯದೆ ಕೂತಿರುತ್ತಾಳೆ. ಅಕ್ಕ ಬೇಕು, ಅಷ್ಟೇ. ಬೈದರೂ ಸರಿ, ಕಪಾಳಕ್ಕೆ ಬಾರಿಸಿದರೂ ಸರಿ, ಎದುರಿಗೆ ಬಂದು ನಿಲ್ಲಬೇಕು.

ಮೊನ್ನೆ ಬೆಳಿಗ್ಗೆ ಕೊಡೆ ಹಿಡಿದ ದಲ್ಲಾಳಿಯೊಬ್ಬ ಪೆಟ್ಟಿಗೆ ತಂದ. ಹೊಸ ಮುಖ, ನಾಲಿಗೆಗೆ ಬೆಣ್ಣೆ ಸವರಿಕೊಂಡೇ ಬಂದಿದ್ದ. ಅವನನ್ನು ಕೆಳಗೆ ಕೂರಿಸಿ ಪೆಟ್ಟಿಗೆಯನ್ನು ಮೇಲೆ ಕಳಿಸಿದರು. ಮೊಹರು ಸರಿಯಾಗಿಯೇ ಇತ್ತು. ಪಟ್ಟಿಯ ಮೇಲೆ ಬೆರಳಿಟ್ಟಳು, ಜಾರಿತು. ನಕಲಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸುತ್ತಿದ ಕೆಲಸ ನಕಲಿಯವರದಲ್ಲ ಎನಿಸಿತು. ಹೊರ ಎಲೆ ಒಂದು ಸುಕ್ಕಿಲ್ಲದೆ ಕೂತಿತ್ತು. ಇಷ್ಟು ಒಳ್ಳೆಯ ಕೈಗೆ ಇಂಥ ಕೆಲಸ ಯಾಕೆ ಬಂತೋ ಎಂದುಕೊಳ್ಳುತ್ತ ಒಂದನ್ನು ಸೀಳಿದಳು.

ಒಳಗೆ ಇಡೀ ಎಲೆಗಳು. ನಟ್ಟನಡುವಿನ ಎಲೆಯ ಮೂಲೆಯಲ್ಲಿ ಒಂದು ಪುಟ್ಟ ಮಡಿಕೆ.

ಬ್ಲೇಡಕ್ಕ ಭೂತಗನ್ನಡಿ ಎಳೆದುಕೊಂಡು ನೋಡಿದಳು. ಇನ್ನೊಂದನ್ನು ಸೀಳಿದಳು, ಅದರಲ್ಲೂ ಇತ್ತು. ತಾನು ಸುತ್ತದ ಸಿಗಾರಿನಲ್ಲಿ ತನ್ನ ತಪ್ಪು. ಲೋಕದಲ್ಲಿ ಈ ಮಡಿಕೆಯನ್ನು ಹೀಗೇ ಹಾಕಬಲ್ಲವಳು ತನ್ನನ್ನು ಬಿಟ್ಟರೆ ಒಬ್ಬಳೇ, ದಿನಾ ಅದನ್ನು ಬಿಡಿಸುತ್ತಿದ್ದವಳು. ಅಕ್ಕ ಬದುಕಿದ್ದಾಳೆ! ಸಂತೋಷ ಉಕ್ಕಿ ಬಂತು, ಅದರ ಬೆನ್ನಿಗೇ ಭಯವೂ ಬಂತು. ತಪ್ಪೇ ಮಾಡದ ಕೈ ಈ ತಪ್ಪನ್ನು ಯಾಕೆ ಹಿಡಿದು ಕೂತಿದೆ? ಹಂಗಿಸುವುದಕ್ಕೋ? ನೀನು ಮಾಡಿದ್ದು ನೆನಪಿದೆ ಎನ್ನುವುದಕ್ಕೋ?

ಅಷ್ಟರಲ್ಲಿ ಅಂಗಡಿಯ ಯಜಮಾನ ಮೆಟ್ಟಿಲು ಹತ್ತಿ ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಅವಳಿಗಿಂತ ಚಿಕ್ಕವನು, ಅಪ್ಪನಿಂದ ಅಂಗಡಿಯ ಜೊತೆ ಅವಳನ್ನೂ ಪಡೆದವನು.

"ಇದೇನಕ್ಕಾ? ಎರಡರಲ್ಲೂ ಮೂಲೆ ಮಡಚಿದೆ! ಸಿಕ್ಕಿಬಿದ್ರು ನೋಡಿ ಕಳ್ಳರು. ಮೂರು ತಿಂಗಳಿಂದ ಬೇರೆ ಅಂಗಡೀಲೆಲ್ಲ ಇದೇ ಪಟ್ಟಿಯ ಮಾಲು. ದಲ್ಲಾಳಿನ ಹಿಡಿದ್ರೂ ಬಾಯಿಬಿಡಲ್ಲ, ಈ ಮಡಿಕೆ ತೋರಿಸಿ ಎಲ್ಲಾ ಕಾರ್ಖಾನೆಲೂ ಕೇಳಿಸ್ತೀನಿ. ಯಾವನಾದ್ರೂ ಹಳೇ ಮೇಸ್ತ್ರಿ ಗುರುತು ಹೇಳೇ ಹೇಳ್ತಾನೆ. ಆಮೇಲೆ ಪೊಲೀಸ್ನೋರು ಹುಡುಕ್ಕೊಳ್ತಾರೆ."

ಹುಡುಕುತ್ತಾರೆ! ಆ ಮಾತು ಅವಳ ಕಿವಿಯಲ್ಲೇ ಉಳಿಯಿತು. ಇಷ್ಟು ವರ್ಷದಲ್ಲಿ ಅಕ್ಕನನ್ನು ಹುಡುಕಿಕೊಡುತ್ತೇನೆ ಎಂದ ಮೊದಲ ಮನುಷ್ಯ ಇವನೇ. ಸುಮ್ಮನೆ ಹೂಂ ಎಂದರೆ ಸಾಕು, ತಿಂಗಳೊಳಗೆ ಅಕ್ಕನ ಮುಖ ನೋಡಬಹುದು. ಠಾಣೆಯ ಬೆಂಚಿನ ಮೇಲೆ ಕೂತ ಅಕ್ಕನ ಮುಖ. ಅವಳಿಗೆ ಆಸೆಯಾಯಿತು, ನಿಜವಾಗಿಯೂ ಆಸೆಯಾಯಿತು. ಒದ್ದೆ ಬಟ್ಟೆಯನ್ನು ಹಿಂಡುತ್ತ ಕೂತಳು.

"ನೀವೂ ಸುತ್ತಿದವರೇ ಅಲ್ವಾ?" ಯಜಮಾನ ಎಲೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. "ಯಾರ ಕೈ ಇದು?"

ಅದೇ ಮಾತು. ಎಲೆ ಎತ್ತಿ ಹಿಡಿದ ರೀತಿಯೂ ಅದೇ.

"ನಂದು" ಎಂದಳು ಬ್ಲೇಡಕ್ಕ.

ಯಜಮಾನ ನಕ್ಕ. ಅವಳು ನಗಲಿಲ್ಲ. ಖಾನೆಯಿಂದ ಮಾದರಿ ಎಲೆಯೊಂದನ್ನು ತೆಗೆದು ಹೆಬ್ಬೆರಳಿನಿಂದ ಮೂಲೆ ಮಡಚಿ, ಆ ಎಲೆಯ ಪಕ್ಕದಲ್ಲಿಟ್ಟಳು. ಮೂವತ್ತೆರಡು ವರ್ಷ ಬಿಟ್ಟಿದ್ದರೂ ಕೈ ಮರೆತಿರಲಿಲ್ಲ. ಎರಡೂ ಮಡಿಕೆಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಯಜಮಾನನ ನಗು ನಿಂತಿತು.

"ನೀವು... ಅವರಿಗೆ ಸುತ್ತಿ ಕೊಡ್ತಿದ್ದೀರಾ?"

"ಇಲ್ಲ. ಆದ್ರೆ ಈ ಮಡಿಕೆ ಹಿಡ್ಕೊಂಡು ನೀವು ಯಾವ ಮೇಸ್ತ್ರಿ ಹತ್ರ ಹೋದ್ರೂ, ಕೊನೆಗೆ ಬಂದು ನಿಲ್ಲೋದು ನನ್ನ ಮುಂದೇನೆ. ಇದು ನನ್ನ ತಪ್ಪು. ಇನ್ನೊಬ್ರ ಮೇಲೆ ಹಾಕಿ ನಾನು ಬದುಕಿದ್ದು ಸಾಕು."

ಯಜಮಾನ ವ್ಯಾಪಾರಸ್ಥ, ಲೆಕ್ಕ ತಿಳಿಯಲು ಅವನಿಗೆ ಹೊತ್ತು ಬೇಕಾಗಲಿಲ್ಲ. ಅಸಲಿ ನಕಲಿ ಹೇಳುವವಳ ಮಡಿಕೆಯೇ ನಕಲಿ ಮಾಲಿನೊಳಗಿದೆ ಎಂದು ಹೊರಗೆ ಗೊತ್ತಾದರೆ ಅಂಗಡಿಯ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ. ಪೊಲೀಸರ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತ.

"ಇದು ಈ ಕೋಣೇಲೇ ಇರ್ಲಿ. ಪೆಟ್ಟಿಗೆ ವಾಪಸು ಕೊಟ್ಬಿಡಿ" ಎಂದ. ಆಮೇಲೆ ಅವಳ ಮುಖ ನೋಡದೆ, "ನಾಳೆಯಿಂದ ನೀವು ಬರೋದು ಬೇಡ, ಅಕ್ಕಾ" ಎಂದ.

ಅವಳು ಬ್ಲೇಡು ಒರೆಸಿ ಮೇಜಿನ ಮೇಲಿಟ್ಟಳು. ಚಪ್ಪಲಿ ಮೆಟ್ಟಿಕೊಂಡು, ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಇಳಿದಳು. ಸೀಳಿದ ಎರಡು ಸಿಗಾರುಗಳನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟಿದ್ದಳು. ಅವುಗಳೊಳಗಿಂದ ತೆಗೆದ, ಮಡಿಕೆ ಬಿದ್ದ ಒಂದು ಎಲೆ ಮಾತ್ರ ಅವಳ ಕೈಯಲ್ಲೇ ಇತ್ತು.

ದಲ್ಲಾಳಿ ಕೆಳಗಿನ ಮೆಟ್ಟಿಲಲ್ಲಿ ಕೊಡೆ ಊರಿಕೊಂಡು ಕೂತಿದ್ದ. ಪೆಟ್ಟಿಗೆ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಕಂಕುಳಿಗೆ ಸೇರಿಸಿಕೊಂಡು ಏಳುವಾಗ ಅವಳ ಕೈಯಲ್ಲಿದ್ದ ಎಲೆ ಕಣ್ಣಿಗೆ ಬಿತ್ತು.

"ಈ ಹಾಳು ಮಡಿಕೆ ಕೊಟ್ಟ ಏಟಾ? ಬೇಡಮ್ಮಾ ಬೇಡಮ್ಮಾ ಅಂತ ನಾನು ಬಡ್ಕೊಂಡೆ. ಆಯಮ್ಮನ ಕೈ ಬಂಗಾರ, ಆದ್ರೆ ಮಾತು ಕೇಳಲ್ಲ. ಒಂದೊಂದರಲ್ಲೂ ಮೂಲೆ ಮಡಚಬೇಕು!"

ಅವಳು ಅವನ ಕೊಡೆ ಹಿಡಿದು ನಿಲ್ಲಿಸಿದಳು. "ಯಾಕಂತೆ?"

"ಏನೋಪ್ಪ. 'ನಿಲ್ಲಿಸಿದ ಜಾಗ ಮರೆತುಹೋಗ್ಬಾರದು, ನನ್ನ ತಂಗಿ ಬಂದು ಬಿಡಿಸ್ತಾಳೆ' ಅಂತಾಳೆ. ತಲೆ ಸ್ವಲ್ಪ ಸಡಿಲ ಅಂದ್ಕೊಂಡು ನಾವೂ ಬಿಟ್ವಿ."

ಬ್ಲೇಡಕ್ಕ ಅವನು ಎದ್ದ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ರಸ್ತೆಯಲ್ಲಿ ಜನ ಹೋಗುತ್ತಿದ್ದರು. ಪೇಟೆಯ ಮಂದಿ ನೋಡುತ್ತಾರೆ ಎಂಬ ಪರಿವೆಯಿಲ್ಲದೆ ಅತ್ತಳು.

"ಎಲ್ಲಿದ್ದಾಳೆ?"

"ಅದೊಂದು ಕೇಳ್ಬೇಡಿ ಅಕ್ಕಾ. ಬಾಯಿಬಿಟ್ರೆ ಅಲ್ಲಿರೋ ಅಷ್ಟೂ ಜನ ಬೀದಿಗೆ ಬೀಳ್ತಾರೆ."

ಅವಳು ಒತ್ತಾಯ ಮಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. ಎಲೆಯನ್ನು ಬಾಯಿಯ ಹತ್ತಿರ ಹಿಡಿದು ಬಿಸಿಯುಸಿರು ಬಿಟ್ಟಳು. ಒಣಗಿದ ಎಲೆ ಹಾಗೆಯೇ ಬಿಡಿಸಿದರೆ ಮುರಿಯುತ್ತದೆ, ಆವಿ ತಾಕಿದರೆ ಮೆತ್ತಗಾಗುತ್ತದೆ. ಮೂಲೆ ಮೆತ್ತಗಾದ ಮೇಲೆ ಮಡಿಕೆಯನ್ನು ನಿಧಾನವಾಗಿ ಬಿಡಿಸಿ, ಮೊಣಕಾಲ ಮೇಲಿಟ್ಟು ಹೆಬ್ಬೆರಳಿನಿಂದ ತೀಡಿದಳು. ಗೆರೆ ಉಳಿಯಿತು, ಎಲೆ ಹರಿಯಲಿಲ್ಲ.

"ಇದನ್ನ ಅವಳ ಕೈಗೇ ಕೊಡು. ಮೇಸ್ತ್ರಿ ಇವತ್ತು ಮತ್ತೆ ಕೇಳಿದ, ಅದು ನಂದು ಅಂತ ಹೇಳಿದ್ಳು ಅನ್ನು."

ದಲ್ಲಾಳಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಎಲೆಯನ್ನು ಮಡಚದೆ ಪೆಟ್ಟಿಗೆಯೊಳಗೆ ಹಾಸಿಟ್ಟುಕೊಂಡ.

"ಯಾರು ಹೇಳಿದ್ರು ಅನ್ಲಿ? ಬ್ಲೇಡಕ್ಕ ಅನ್ಲಾ?"

"ಅಲ್ಲ" ಎಂದಳು ಅವಳು. "ತಂಗಿ ಅನ್ನು."